ಕಾಣದ ಶತ್ರು, ಕೇಳುವ ಕಿವಿ

ಬೀಳಗಿಯ ಸೀಮೆಯಲ್ಲಿ ಕಬ್ಬಿನ ಗದ್ದೆಗೆ ರಾತ್ರಿಯ ಹೊತ್ತು ನೀರು ಹಾಯಿಸುವುದು ರೈತನಿಗೆ ಹೊಸದಲ್ಲ. ಪಂಪುಸೆಟ್ಟಿಗೆ ಬೇಕಾದ ವಿದ್ಯುತ್ತು ನಡುರಾತ್ರಿಯಲ್ಲಿ ಬಂದರೆ ನಡುರಾತ್ರಿಯಲ್ಲಿಯೇ ಎದ್ದು ಹೊರಡಬೇಕು. ಆಳೆತ್ತರದ ಬೆಳೆಯ ನಡುವೆ ಬದುವಿನ ಮೇಲೆ ನಡೆಯುತ್ತಿರುವಾಗ ಕೈಯಲ್ಲಿರುವ ಬ್ಯಾಟರಿ ದೀಪವು ನಾಲ್ಕು ಮಾರು ದೂರವನ್ನು ಮಾತ್ರ ಬೆಳಗುತ್ತದೆ. ಅಷ್ಟರಲ್ಲಿ ಎಲ್ಲಿಯೋ ಗರಿ ಸರಸರನೆ ಅಲುಗಿತೆನ್ನಿ. ನಡೆಯುವವನು ಥಟ್ಟನೆ ನಿಲ್ಲುತ್ತಾನೆ, ಉಸಿರು ಬಿಗಿಹಿಡಿಯುತ್ತಾನೆ, ತಲೆಯನ್ನು ತುಸು ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿಸುತ್ತಾನೆ. ಹಂದಿಯೋ, ನರಿಯೋ, ಬರಿಯ ಗಾಳಿಯೋ ಎಂಬುದು ಅನಂತರದ ಮಾತು. ಅದು ಎತ್ತಲಿದೆ, ಎಷ್ಟು ದೂರದಲ್ಲಿದೆ ಎಂಬ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಬೇಕು. ಆ ಉತ್ತರವನ್ನು ಕಣ್ಣು ಕೊಡಲಾರದು; ಕಿವಿಯೇ ಕೊಡಬೇಕು.

ಈ ಎರಡು ಪ್ರಶ್ನೆಗಳನ್ನೇ ಬಂಡವಾಳವಾಗಿ ಮಾಡಿಕೊಂಡು 1996ರಲ್ಲಿ ಜಪಾನಿನಲ್ಲಿ ಒಂದು ವೀಡಿಯೋ ಆಟ ಸಿದ್ಧವಾಯಿತು. ಅದರ ಹೆಸರು 'ಎನಿಮಿ ಝೀರೋ'. ಇಂದು ಅದನ್ನು ನೆನೆಯುವವರು ಕೆಲವರೇ. ಆಟವಾಗಿ ಅದರಲ್ಲಿ ಕುಂದುಗಳಿದ್ದುವೆಂಬುದು ನಿಜ. ಆದರೆ ನಮ್ಮ ಕಿವಿ ದಿಕ್ಕನ್ನು ಹೇಗೆ ಅರಿಯುತ್ತದೆ, ಎಲ್ಲಿ ಸೋಲುತ್ತದೆ ಎಂಬ ವಿಷಯವನ್ನು ಅಷ್ಟು ಸೊಗಸಾಗಿ ಬಯಲಿಗೆಳೆದ ಆಟ ಇನ್ನೊಂದು ಸಿಕ್ಕುವುದು ಅಪರೂಪ. ಆದುದರಿಂದ ವಿಜ್ಞಾನದ ವಿದ್ಯಾರ್ಥಿಗಳು ಅದರ ಪರಿಚಯ ಮಾಡಿಕೊಳ್ಳುವುದು ವ್ಯರ್ಥವಾಗದು.

ವೀಡಿಯೋ ಆಟಗಳಲ್ಲಿ 'ಸರ್ವೈವಲ್ ಹಾರರ್' ಎಂಬುದೊಂದು ಪಂಗಡವುಂಟು. ಸಾಮಾನ್ಯವಾದ ಯುದ್ಧದ ಆಟದಲ್ಲಿ ಆಟಗಾರನಿಗೆ ಗುಂಡುಗಳು ಬೇಕಾದಷ್ಟಿರುತ್ತವೆ, ಶತ್ರುಗಳು ಸಾಲುಸಾಲಾಗಿ ಬಂದು ಬೀಳುತ್ತಾರೆ. ಈ ಪಂಗಡದಲ್ಲಿ ಹಾಗಲ್ಲ. ಗುಂಡು ಕಡಿಮೆ, ಬೆಳಕು ಕಡಿಮೆ, ತಪ್ಪಿಸಿಕೊಳ್ಳುವ ದಾರಿಗಳೂ ಕಡಿಮೆ. ಗೆಲ್ಲುವುದಕ್ಕಿಂತ ಬದುಕಿ ಉಳಿಯುವುದೇ ಇಲ್ಲಿ ಗುರಿ. ಫ್ರಾನ್ಸಿನಲ್ಲಿ 1992ರಲ್ಲಿ ಬಂದ 'ಅಲೋನ್ ಇನ್ ದ ಡಾರ್ಕ್' ಇದಕ್ಕೆ ಒಂದು ಅಡಿಗಲ್ಲು. 1996ರ ಮಾರ್ಚ್ ತಿಂಗಳಲ್ಲಿ ಕ್ಯಾಪ್ಕಾಮ್ ಸಂಸ್ಥೆ ಸೋನಿಯ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರತಂದ 'ರೆಸಿಡೆಂಟ್ ಈವಿಲ್' ಈ ಪಂಗಡದ ಹೆಸರನ್ನು ಲೋಕಕ್ಕೆಲ್ಲ ಹರಡಿತು. ಅದೇ ವರ್ಷದ ಡಿಸೆಂಬರ್ 13ರಂದು ಎನಿಮಿ ಝೀರೋ ಸೆಗಾ ಕಂಪನಿಯ ಸ್ಯಾಟರ್ನ್ ಯಂತ್ರಕ್ಕೆ ಬಂದಿತು. ಮೊದಲನೆಯದು ಮನೆಮಾತಾಯಿತು, ಎರಡನೆಯದು ಅದರ ನೆರಳಿನಲ್ಲಿ ಉಳಿಯಿತು.

ಇದನ್ನು ರೂಪಿಸಿದವನು ಕೆಂಜಿ ಈನೋ ಎಂಬ ತರುಣ. 1970ರಲ್ಲಿ ಹುಟ್ಟಿದ ಈತ 'ವಾರ್ಪ್' ಎಂಬ ಸಣ್ಣ ಸಂಸ್ಥೆಯ ಮುಖ್ಯಸ್ಥ, ಜೊತೆಗೆ ಸಂಗೀತಗಾರ. ಈ ಎರಡನೆಯ ಸಂಗತಿ ನಮ್ಮ ಕಥೆಗೆ ಮುಖ್ಯ. ಆಟದ ಹಿನ್ನೆಲೆಯ ಸಂಗೀತಕ್ಕಾಗಿ ಆತ ಇಂಗ್ಲೆಂಡಿನ ಪ್ರಸಿದ್ಧ ಸಂಗೀತ ರಚನಕಾರ ಮೈಕೇಲ್ ನೈಮನ್‌ನನ್ನು ಒಪ್ಪಿಸಿ ಕರೆತಂದ. ಈನೋ ಸ್ವಭಾವತಃ ಸ್ವಲ್ಪ ಹಟಮಾರಿ. ಸೋನಿಯೊಡನೆ ವೈಮನಸ್ಯ ಬಂದಾಗ ಅದೇ ಸಂಸ್ಥೆಯ ಸಮಾರಂಭದಲ್ಲಿ, ಪರದೆಯ ಮೇಲಿನ ಪ್ಲೇಸ್ಟೇಷನ್ ಲಾಂಛನವು ಕರಗಿ ಪ್ರತಿಸ್ಪರ್ಧಿಯಾದ ಸ್ಯಾಟರ್ನಿನ ಲಾಂಛನವಾಗುವಂತೆ ತೋರಿಸಿ ತನ್ನ ಹೊಸ ಆಟವನ್ನು ಸಾರಿದನಂತೆ! ಅತಿಥಿಯಾಗಿ ಹೋದವನು ಮನೆಯೊಡೆಯನ ಊಟದೆಲೆಯ ಮೇಲೆಯೇ ನೆರೆಮನೆಯ ಅಡುಗೆಯನ್ನು ಹೊಗಳಿದಂತೆ.

ಕಥೆ ನಡೆಯುವುದು ಬಾಹ್ಯಾಕಾಶದಲ್ಲಿ ಸಾಗುತ್ತಿರುವ 'ಅಕಿ' ಎಂಬ ನೌಕೆಯಲ್ಲಿ. ಲಾರಾ ಎಂಬ ಹೆಣ್ಣು ಶೀತನಿದ್ರೆಯಿಂದ ಎಚ್ಚರಗೊಂಡಾಗ ನೌಕೆಯೊಳಗೆ ಏನೋ ಹೊಕ್ಕಿದೆ. ಸಹಯಾತ್ರಿಕರು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ. 1979ರ 'ಏಲಿಯನ್' ಚಲನಚಿತ್ರವನ್ನು ನೋಡಿದವರಿಗೆ ಇದರಲ್ಲಿ ಹೊಸತೇನೂ ಕಾಣದು. ಹೊಸತಿರುವುದು ಶತ್ರುವಿನಲ್ಲಿ. ಅದು ಕಣ್ಣಿಗೆ ಕಾಣುವುದೇ ಇಲ್ಲ. ಟೆಲಿವಿಷನ್ ಪರದೆಯ ಮೇಲೆ ಉದ್ದವಾದ, ಬರಿದಾದ ಮೊಗಸಾಲೆ ಮಾತ್ರ ತೋರುತ್ತದೆ. ಶತ್ರು ಎದುರಿಗೇ ಬಂದು ನಿಂತಿದ್ದರೂ ಮೊಗಸಾಲೆ ಬರಿದೇ.

ಹಾಗಾದರೆ ಆಡುವುದು ಹೇಗೆ? ಲಾರಾಳ ಕಿವಿಯಲ್ಲಿ ಒಂದು ಚಿಕ್ಕ ಸಾಧನವಿದೆ. ಶತ್ರು ಸಮೀಪಿಸಿದಾಗ ಅದು ಬಿಟ್ಟು ಬಿಟ್ಟು ಸ್ವರವನ್ನು ಹೊರಡಿಸುತ್ತದೆ. ಶತ್ರು ಮುಂದಿದ್ದರೆ ತಾರಸ್ವರ, ಪಕ್ಕದಲ್ಲಿದ್ದರೆ ಮಧ್ಯಸ್ವರ, ಬೆನ್ನ ಹಿಂದಿದ್ದರೆ ಮಂದ್ರಸ್ವರ. ಹತ್ತಿರ ಬಂದಂತೆಲ್ಲ ಸ್ವರದ ಬಡಿತ ತ್ವರಿತವಾಗುತ್ತದೆ. ಇಷ್ಟೇ ಸೂಚನೆ. ಸಂಗೀತದ ಮೂರು ಸ್ಥಾಯಿಗಳನ್ನು ದಿಕ್ಸೂಚಿಯನ್ನಾಗಿ ಮಾಡಿಕೊಂಡ ಈ ಯುಕ್ತಿಯ ಹಿಂದೆ ಸಂಗೀತಗಾರನ ಕೈ ಇದೆಯೆಂಬುದು ಸ್ಪಷ್ಟ. ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಟೆಲಿವಿಷನ್ನಿಗೆ ಎಡಬಲಗಳಲ್ಲಿ ಎರಡು ಧ್ವನಿವರ್ಧಕಗಳಿರುವಾಗ ಶಬ್ದವನ್ನು ನಿಜವಾದ ದಿಕ್ಕಿನಿಂದಲೇ ಕೇಳಿಸಬಾರದಿತ್ತೆ? ಸ್ವರಗಳ ಈ ಸಂಕೇತ ಏಕೆ ಬೇಕಾಯಿತು? ಇದಕ್ಕೆ ಉತ್ತರ ತಿಳಿಯಬೇಕಾದರೆ ಆಟವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ನಮ್ಮ ತಲೆಯ ಕಡೆಗೆ ತಿರುಗಬೇಕು.

ನಮಗೆ ಕಿವಿಗಳು ಎರಡು. ಅವುಗಳ ನಡುವೆ ತಲೆಯಿದೆ. ಬಲಗಡೆಯಿಂದ ಬಂದ ಶಬ್ದ ಬಲಗಿವಿಯನ್ನು ಮೊದಲು ಮುಟ್ಟಿ, ತಲೆಯನ್ನು ಬಳಸಿಕೊಂಡು ಎಡಗಿವಿಗೆ ಹೋಗಬೇಕು. ಈ ಹೆಚ್ಚಿನ ದಾರಿ ಸುಮಾರು 22 ಸೆಂಟಿಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಭಾಗಿಸಿ ನೋಡಿದರೆ ಎಡಗಿವಿಗೆ ಶಬ್ದ ತಲಪುವುದು ಒಂದು ಸೆಕೆಂಡಿನ ಲಕ್ಷದಲ್ಲಿ 65 ಪಾಲಿನಷ್ಟು ತಡವಾಗಿ. ಇದು ಎಲ್ಲಕ್ಕಿಂತ ಹೆಚ್ಚಿನ ಅಂತರ. ಶಬ್ದವು ಬಲದಿಂದ ಮುಂದಕ್ಕೆ ಸರಿದಂತೆಲ್ಲ ಅಂತರ ಕುಗ್ಗಿ, ಮೂಗಿನ ನೇರಕ್ಕೆ ಬಂದಾಗ ಸೊನ್ನೆಯಾಗುತ್ತದೆ. ನಮ್ಮ ಮಿದುಳು ಲಕ್ಷದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವನ್ನೂ ಗುರುತಿಸಬಲ್ಲದು. ಆದುದರಿಂದಲೇ ಮುಂಭಾಗದ ಶಬ್ದವು ಒಂದೆರಡು ಡಿಗ್ರಿ ಅತ್ತಿತ್ತ ಸರಿದರೂ ನಮಗೆ ತಿಳಿಯುತ್ತದೆ.

ನಂಬಿಕೆ ಬಾರದಿದ್ದರೆ ಒಂದು ಮೀಟರ್ ಉದ್ದದ ರಬ್ಬರ್ ನಳಿಗೆಯನ್ನು ತನ್ನಿ. ಅದರ ತುದಿಗಳನ್ನು ಗೆಳೆಯನೊಬ್ಬನು ಎರಡು ಕಿವಿಗಳ ಬಾಯಿಗೆ ಹಗುರವಾಗಿ ಹಿಡಿದುಕೊಳ್ಳಲಿ. ನಳಿಗೆ ಅವನ ಬೆನ್ನ ಹಿಂದೆ ಇಳಿದಿರಲಿ. ನಳಿಗೆಯ ಸರಿಮಧ್ಯದಲ್ಲಿ ಗುರುತು ಹಾಕಿ, ಅದರಿಂದ ಒಂದು ಸೆಂಟಿಮೀಟರ್ ಬಲಕ್ಕೆ ಪೆನ್ಸಿಲಿನಿಂದ ಮೆಲ್ಲನೆ ತಟ್ಟಿರಿ. ಒಂದು ಕಿವಿಯ ದಾರಿ ಒಂದು ಸೆಂಟಿಮೀಟರ್ ಕಡಿಮೆಯಾಯಿತು, ಇನ್ನೊಂದರದು ಅಷ್ಟೇ ಹೆಚ್ಚಿತು. ಒಟ್ಟು ಅಂತರ ಎರಡು ಸೆಂಟಿಮೀಟರ್, ಎಂದರೆ ಸೆಕೆಂಡಿನ ಲಕ್ಷದಲ್ಲಿ ಸುಮಾರು ಆರು ಪಾಲು. ಅಷ್ಟಕ್ಕೇ ಗೆಳೆಯನು "ಬಲಕ್ಕೆ" ಎಂದುಬಿಡುವನು. ಯಾವ ಕೈಗಡಿಯಾರವೂ ಅಳೆಯಲಾರದ ಕಾಲವನ್ನು ಅವನ ಮಿದುಳು ಅಳೆದಿರುತ್ತದೆ, ಅದೂ ಅವನಿಗೆ ಅರಿವಿಲ್ಲದೆ.

ಕಾಲದ ಅಂತರದೊಡನೆ ಗಟ್ಟಿತನದ ಅಂತರವೂ ಸೇರುತ್ತದೆ. ತಾರಸ್ವರಗಳ ಅಲೆಯ ಉದ್ದ ಚಿಕ್ಕದು. ಸೆಕೆಂಡಿಗೆ 1500 ಕಂಪನಗಳುಳ್ಳ ಸ್ವರದ ಅಲೆ 23 ಸೆಂಟಿಮೀಟರಿನಷ್ಟು, ಎಂದರೆ ಹೆಚ್ಚುಕಡಮೆ ತಲೆಯಷ್ಟೇ ಇರುತ್ತದೆ. ಅದಕ್ಕಿಂತ ಚಿಕ್ಕ ಅಲೆಗಳಿಗೆ ತಲೆ ಅಡ್ಡಗೋಡೆಯಾಗಿ, ಆಚೆಯ ಕಿವಿಯ ಮೇಲೆ 'ನೆರಳು' ಬೀಳುತ್ತದೆ. ಮಂದ್ರಸ್ವರದ ಉದ್ದ ಅಲೆಗಳಾದರೋ ತಲೆಯನ್ನು ಸುಲಭವಾಗಿ ಬಳಸಿ ಹೋಗುತ್ತವೆ. ಮಂದ್ರಕ್ಕೆ ಕಾಲದ ಅಂತರ, ತಾರಕ್ಕೆ ಗಟ್ಟಿತನದ ಅಂತರ ಎಂಬ ಈ ಎರಡು ಬಗೆಯ ವಿವರಣೆಯನ್ನು 1907ರಲ್ಲಿ ಕೊಟ್ಟವನು ಲಾರ್ಡ್ ರೇಲಿ. ಆಕಾಶ ನೀಲಿಯಾಗಿರುವುದೇಕೆಂದು ವಿವರಿಸಿದ ರೇಲಿಯೇ ಈತ.

ಈಗ ಸಂಕಟ ಎಲ್ಲಿದೆ ನೋಡಿ. ಗೆಳೆಯನ ಕಣ್ಣಿಗೆ ಬಟ್ಟೆ ಕಟ್ಟಿ, ತಲೆ ಅಲುಗಿಸಕೂಡದೆಂದು ಹೇಳಿ ಶಾಲೆಯ ಅಂಗಳದಲ್ಲಿ ಕೂಡಿಸಿರಿ. ಎರಡು ನಾಣ್ಯಗಳನ್ನು ಅವನ ಎಡಕ್ಕೆ, ಬಲಕ್ಕೆ ಟಿಕ್ಕೆನ್ನಿಸಿದರೆ ಥಟ್ಟನೆ ಬೆರಳು ತೋರಿಸುವನು. ಅದೇ ನಾಣ್ಯಗಳನ್ನು ಸರಿಯಾಗಿ ಮೂಗಿನ ನೇರಕ್ಕೆ, ನೆತ್ತಿಯ ಮೇಲೆ, ಬೆನ್ನ ಹಿಂದೆ ಹಿಡಿದು ನುಡಿಸಿರಿ. ಅವನು ತಡವರಿಸುವನು; ಹಿಂದಿನದನ್ನು ಮುಂದೆ ಎಂದೂ ಮುಂದಿನದನ್ನು ಹಿಂದೆ ಎಂದೂ ಆಗಾಗ ತೋರಿಸುವನು. ಕಾರಣ ಸರಳ. ಈ ಎಲ್ಲ ಸ್ಥಾನಗಳೂ ಎರಡು ಕಿವಿಗಳಿಗೆ ಸಮದೂರದಲ್ಲಿವೆ. ಅಂತರವೇ ಇಲ್ಲದ ಮೇಲೆ ಮಿದುಳು ಏನನ್ನು ಅಳೆಯಬೇಕು? ಪಕ್ಕಗಳಲ್ಲಿಯೂ ಇದೇ ತೊಡಕುಂಟು: ಬಲಮುಂದಿನ ಒಂದು ಸ್ಥಾನಕ್ಕೂ ಬಲಹಿಂದಿನ ಒಂದು ಸ್ಥಾನಕ್ಕೂ ಅಂತರ ಒಂದೇ ಆಗಿರುತ್ತದೆ.

ಪ್ರಕೃತಿ ಇದಕ್ಕೆ ಎರಡು ಪರಿಹಾರಗಳನ್ನು ಒದಗಿಸಿದೆ. ಹೊರಗಿವಿಯ ಮಡಿಕೆಗಳು ಮುಂದಿನ ಶಬ್ದವನ್ನೂ ಹಿಂದಿನ ಶಬ್ದವನ್ನೂ ಬೇರೆಬೇರೆಯಾಗಿ ಸೋಸಿ ಒಳಗೆ ಬಿಡುತ್ತವೆ. ಕಿವಿಯ ಆ ವಕ್ರಾಕೃತಿ ಅಲಂಕಾರಕ್ಕಾಗಿ ಬಂದುದಲ್ಲ. ಎರಡನೆಯದು ತಲೆ ಹೊರಳಿಸುವುದು. ತಲೆಯನ್ನು ಬಲಕ್ಕೆ ತಿರುಗಿಸಿದಾಗ ಮುಂದಿನ ಶಬ್ದ ಎಡಗಿವಿಗೆ ಹತ್ತಿರವಾಗುತ್ತದೆ, ಹಿಂದಿನ ಶಬ್ದ ಬಲಗಿವಿಗೆ. ಈ ಚಲನೆಯ ಮಹತ್ವವನ್ನು 1940ರಲ್ಲಿ ಮನೋವಿಜ್ಞಾನಿ ಹಾನ್ಸ್ ವಾಲಕ್ ಪ್ರಯೋಗಗಳಿಂದ ತೋರಿಸಿಕೊಟ್ಟನು. ಕಬ್ಬಿನ ಗದ್ದೆಯಲ್ಲಿ ನಿಂತ ರೈತ ತಲೆಯನ್ನು ಅತ್ತಿತ್ತ ಹೊರಳಿಸಿದುದು ಈ ಲೆಕ್ಕವನ್ನು ಮಾಡಲೆಂದೇ. ಮುಧೋಳದ ಬೇಟೆನಾಯಿ ಕಣ್ಣನ್ನು ನೆಚ್ಚಿ ಓಡುವ ಪ್ರಾಣಿ. ಅದಕ್ಕೆ ಹಗಲು ಬೇಕು. ಕಣಜ ಗೂಬೆಗಾದರೋ ಕತ್ತಲೆಯೇ ಕ್ಷೇತ್ರ. ಅದರ ಒಂದು ಕಿವಿಯ ರಂಧ್ರ ಇನ್ನೊಂದಕ್ಕಿಂತ ಮೇಲಿದೆ. ಹೀಗಾಗಿ ಶಬ್ದ ಮೇಲಿನದೋ ಕೆಳಗಿನದೋ ಎಂಬುದನ್ನೂ ಅದು ಎರಡು ಕಿವಿಗಳ ಅಂತರದಿಂದಲೇ ತಿಳಿಯುತ್ತದೆ. ಪೂರ್ಣ ಕತ್ತಲೆಯ ಕೋಣೆಯಲ್ಲಿ ತರಗೆಲೆಯ ಮೇಲೆ ಓಡುವ ಇಲಿಯನ್ನು ಅದು ಸದ್ದಿನಿಂದಲೇ ಹಿಡಿಯುತ್ತದೆಂಬುದನ್ನು ಅಮೆರಿಕದ ರೋಜರ್ ಪೇನ್ ಪರೀಕ್ಷಿಸಿ ನೋಡಿದ್ದಾನೆ.

ಟೆಲಿವಿಷನ್ನಿನ ಮುಂದೆ ಕುಳಿತ ಆಟಗಾರನಿಗೆ ಈ ಎರಡು ಪರಿಹಾರಗಳೂ ಇಲ್ಲ. ಧ್ವನಿವರ್ಧಕಗಳೆರಡೂ ಅವನ ಮುಂದೆಯೇ ಇವೆ. ಅವು ಎಡಬಲಗಳನ್ನು ಹೇಳಬಲ್ಲವು, ಹಿಂದು ಎಂಬುದನ್ನು ಹೇಳಲಾರವು. ಅವನು ತನ್ನ ತಲೆಯನ್ನು ತಿರುಗಿಸಿದರೆ ಲಾರಾಳ ತಲೆ ತಿರುಗದು. ಕಿವಿಗೆ ಸಿಕ್ಕದ ಈ ದಿಕ್ಕನ್ನು ಈನೋ ಸ್ವರದ ಎತ್ತರದಿಂದ ತುಂಬಿಕೊಟ್ಟನು. ಮಂದ್ರಸ್ವರ ಕೇಳಿತೋ, ಸಂದೇಹವೇ ಇಲ್ಲ, ಶತ್ರು ಬೆನ್ನ ಹಿಂದೆ. ಮಧ್ಯಸ್ವರವಾದರೆ ಪಕ್ಕದಲ್ಲಿ, ಆದರೆ ಎಡವೋ ಬಲವೋ ಎಂಬುದು ಸ್ವರದ ಎತ್ತರವೊಂದರಿಂದಲೇ ತಿಳಿಯದು. ಲಾರಾಳನ್ನು ಒಂದು ಕಡೆಗೆ ತಿರುಗಿಸಿ ನೋಡಬೇಕು. ಸ್ವರ ತಾರಕ್ಕೆ ಏರಿದರೆ ಊಹೆ ಸರಿ, ಮಂದ್ರಕ್ಕೆ ಇಳಿದರೆ ತಪ್ಪು. ರೈತನ ತಲೆ ಹೊರಳಿಸುವಿಕೆ ಇಲ್ಲಿ ಆಟದ ಗುಂಡಿಗಳ ಮೂಲಕ ಮರಳಿ ಬಂದಿತು. ಎಷ್ಟೋ ಆಟಗಳಲ್ಲಿ ಶಬ್ದವು ಚಿತ್ರಕ್ಕೆ ಹಾಕಿದ ಒಗ್ಗರಣೆ. ಇಲ್ಲಿ ಅದೇ ಅಡುಗೆ.

ದೂರದ ಸೂಚನೆಯ ಬಗೆಗೂ ಒಂದು ಮಾತು ಹೇಳಬೇಕು. ಶಬ್ದದ ಗಟ್ಟಿತನದಿಂದ ದೂರವನ್ನು ಅಳೆಯುವುದು ಕಷ್ಟ. ಏಕೆಂದರೆ ಹತ್ತಿರದ ಪಿಸುಮಾತೂ ದೂರದ ಕೂಗೂ ಕಿವಿಯಲ್ಲಿ ಒಂದೇ ಗಟ್ಟಿತನವುಳ್ಳವಾಗಬಹುದು. ಬಡಿತದ ವೇಗದಲ್ಲಾದರೆ ಅಂತಹ ಗೊಂದಲವಿಲ್ಲ. ವಿಕಿರಣವನ್ನು ಅಳೆಯುವ ಗೈಗರ್ ಗಣಕವು ಟಿಕ್ ಟಿಕ್ಕೆಂದು ಹೇಳುವುದೂ, ಕಾರನ್ನು ಹಿಂದಕ್ಕೆ ಸರಿಸುವಾಗ ಗೋಡೆ ಸಮೀಪಿಸಿದಂತೆಲ್ಲ ಕೇಳುವ ಪೀಪ್ ಪೀಪ್ ಸದ್ದೂ ಇದೇ ಮರ್ಮವನ್ನು ಅವಲಂಬಿಸಿವೆ. ರಬಕವಿ-ಬನಹಟ್ಟಿಯ ನೇಕಾರನಿಗೆ ಮಗ್ಗದ ಲಯ ತುಸು ತಪ್ಪಿದರೂ ತಿಳಿಯುವುದಿಲ್ಲವೆ? ಲಯದ ಬದಲಾವಣೆಗೆ ಕಿವಿ ಅಷ್ಟು ಸೂಕ್ಷ್ಮ.

ಭಯ ಹುಟ್ಟುವುದು ಇನ್ನು ಮೇಲೆ. ಲಾರಾಳ ಕೈಯಲ್ಲಿ ಬಂದೂಕವೇನೋ ಇದೆ. ಆದರೆ ಪ್ರತಿ ಸಾರಿ ಹೊಡೆಯುವ ಮುನ್ನ ಗುಂಡಿಯನ್ನು ಒತ್ತಿಹಿಡಿದು ಅದಕ್ಕೆ ಶಕ್ತಿ ತುಂಬಬೇಕು. ತುಂಬುವುದಕ್ಕೆ ಕೆಲವು ಕ್ಷಣಗಳು ಹಿಡಿಯುತ್ತವೆ. ತುಂಬಿದ ಮೇಲೂ ಒತ್ತಿಯೇ ಹಿಡಿದಿದ್ದರೆ ಶಕ್ತಿ ಸೋರಿಹೋಗುತ್ತದೆ. ಮತ್ತೆ ಮೊದಲಿನಿಂದ ತುಂಬಬೇಕು. ಬಂದೂಕದ ಹೊಡೆತ ದೂರಕ್ಕೆ ನಾಟದು. ಆದುದರಿಂದ ಬೇಗ ತೊಡಗಿದರೂ ಸಾವು, ತಡವಾಗಿ ತೊಡಗಿದರೂ ಸಾವು. ಶತ್ರು ಎಷ್ಟು ದೂರದಲ್ಲಿದೆಯೆಂಬುದು ಮಾತ್ರವಲ್ಲ, ಎಷ್ಟು ವೇಗದಿಂದ ಬರುತ್ತಿದೆ, ಇನ್ನೆಷ್ಟು ಕ್ಷಣಗಳಲ್ಲಿ ಮುಟ್ಟೀತು ಎಂಬುದನ್ನು ಆಟಗಾರ ಬಡಿತದ ಏರಿಕೆಯಿಂದ ಲೆಕ್ಕ ಹಾಕಬೇಕು. ಕಾಲೇಜಿನಲ್ಲಿ ಕಲನಶಾಸ್ತ್ರ ಓದುವವರಿಗೆ ಇದರ ಸ್ವಾರಸ್ಯ ಕೂಡಲೇ ಹೊಳೆದೀತು: ಬೇಕಾದುದು ಬಡಿತದ ಬೆಲೆಯಲ್ಲ, ಅದು ಬದಲಾಗುವ ದರ. ಕಾಗದ ಪೆನ್ಸಿಲುಗಳಿಲ್ಲದೆ, ಎದೆ ಡವಗುಟ್ಟುತ್ತಿರುವಾಗ ಈ ಲೆಕ್ಕವನ್ನು ಮಾಡಬೇಕು!

ಈ ಭೀತಿಗೆ ಶರೀರಶಾಸ್ತ್ರದ ಆಧಾರವೂ ಉಂಟು. ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ಕಣ್ಣು ಮುಂದೆ ಮಾತ್ರ ನೋಡುತ್ತದೆ. ಕಿವಿ ಎಲ್ಲ ದಿಕ್ಕುಗಳನ್ನೂ ಕಾಯುತ್ತದೆ, ನಿದ್ರೆಯಲ್ಲಿಯೂ ಪೂರ್ತಿ ಮುಚ್ಚದು. ಬೆಳಕಿನ ಸೂಚನೆಗೆ ಬೆರಳು ಗುಂಡಿಯನ್ನು ಒತ್ತಲು ಸೆಕೆಂಡಿನ ಸಾವಿರದಲ್ಲಿ 180ರಿಂದ 200 ಪಾಲು ಹಿಡಿದರೆ, ಶಬ್ದದ ಸೂಚನೆಗೆ 140ರಿಂದ 160 ಪಾಲು ಸಾಕು. ಹಠಾತ್ತಾದ ಗಟ್ಟಿ ಸದ್ದಿಗೆ ನಾವು ಬೆಚ್ಚಿ ರೆವೆ ಮಿಡಿಯುವುದಂತೂ ಇನ್ನೂ ಬೇಗ. ಸದ್ದು ಏನೆಂದು ತಿಳಿಯುವ ಮೊದಲೇ ಅದು ಮುಗಿದಿರುತ್ತದೆ. ಭಯಾನಕ ರೂಪವನ್ನು ಕಣ್ಣಿಗೆ ತೋರಿಸುವ ಆಟಗಳಲ್ಲಿ ಎರಡು ಮೂರು ಸಾರಿ ನೋಡಿದ ಮೇಲೆ ಆ ರೂಪ ರೂಢಿಯಾಗಿಬಿಡುತ್ತದೆ. ಕಾಣದ ಶತ್ರು ರೂಢಿಯಾಗುವುದು ಹೇಗೆ?

ಇಷ್ಟಾದರೂ ಆಟ ಏಕೆ ಮರೆಯಾಯಿತು? ಅದು ಅತಿ ಕಠಿಣವಾಗಿತ್ತು. ಒಂದು ಹೊಡೆತ ತಪ್ಪಿದರೆ ಆಟವೇ ಮುಗಿಯಿತು. ಆಡಿದುದನ್ನು ದಾಖಲೆ ಮಾಡಿ ಇಟ್ಟುಕೊಳ್ಳುವ ಯಂತ್ರಕ್ಕೂ ಬ್ಯಾಟರಿಯ ಮಿತಿ ಹಾಕಿದ್ದರು. ದಾಖಲೆ ಮಾಡಿದಾಗಲೂ ಅದನ್ನು ತೆರೆದಾಗಲೂ ಬ್ಯಾಟರಿ ಇಳಿಯುತ್ತಿತ್ತು. ಇದು ಭಯವನ್ನು ಹೆಚ್ಚಿಸುವ ಬದಲು ಬೇಸರವನ್ನು ಹೆಚ್ಚಿಸಿತೆಂಬುದು ನನ್ನ ಅಭಿಪ್ರಾಯ. ಸುಂದರವಾದ ಚಲನಚಿತ್ರದ ಭಾಗಗಳು ಉದ್ದವಾಗಿದ್ದು ನಾಲ್ಕು ತಟ್ಟೆಗಳನ್ನು ತುಂಬಿದ್ದುವು; ನಡುನಡುವೆ ಬರುವ ಮೊಗಸಾಲೆಗಳೋ ಬೋಳು ಬೋಳು. ವಿಮರ್ಶಕರ ಅಭಿಪ್ರಾಯಗಳು ಒಡೆದುವು. ಅದಕ್ಕೂ ಮಿಗಿಲಾಗಿ ಸ್ಯಾಟರ್ನ್ ಯಂತ್ರವೇ ಮಾರುಕಟ್ಟೆಯಲ್ಲಿ ಸೋತಿತು. ಅದು ಲೋಕದಲ್ಲೆಲ್ಲ ಮಾರಾಟವಾದದ್ದು ಸುಮಾರು 90 ಲಕ್ಷ. ಪ್ಲೇಸ್ಟೇಷನ್ 10 ಕೋಟಿಯನ್ನು ಮೀರಿತು. ಯಂತ್ರ ಮುಳುಗಿದಾಗ ಅದರ ಆಟಗಳೂ ಮುಳುಗುವುದು ಸಹಜವಷ್ಟೆ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಈನೋಗೆ ದೃಷ್ಟಿಹೀನರಾದ ಅಭಿಮಾನಿಗಳಿಂದ ಪತ್ರಗಳು ಬರುತ್ತಿದ್ದುವು. ಕಣ್ಣಿಲ್ಲದವರು ವೀಡಿಯೋ ಆಟವನ್ನು ಆಡುವುದೆಂದರೇನೆಂದು ಕುತೂಹಲಗೊಂಡು ಆತ ಅವರನ್ನು ಕಂಡು ಮಾತನಾಡಿದ. ಕಣ್ಣುಳ್ಳವರಿಗಾಗಿ ಮಾಡಿದ ಆಟಗಳನ್ನೇ ಅವರು ಬಹಳ ಪ್ರಯಾಸದಿಂದ, ಸದ್ದುಗಳನ್ನು ಮಾತ್ರ ನೆಚ್ಚಿ ಆಡುತ್ತಿದ್ದರು. ಎನಿಮಿ ಝೀರೋ ಆಡುವಾಗ ಕಣ್ಣುಳ್ಳವನು ಕೆಲವು ಗಂಟೆ ಅನುಭವಿಸಿದ ಸ್ಥಿತಿಯೇ ಅವರ ಎಲ್ಲ ಆಟಗಳ ಸ್ಥಿತಿ. 1997ರ ಜುಲೈಯಲ್ಲಿ ಈನೋ 'ರಿಯಲ್ ಸೌಂಡ್' ಎಂಬ ಆಟವನ್ನು ಹೊರತಂದನು. ಅದರಲ್ಲಿ ಚಿತ್ರವೇ ಇಲ್ಲ. ಪರದೆ ಖಾಲಿ, ಮಾತು, ಸದ್ದು, ಸಂಗೀತಗಳಿಂದಲೇ ಕಥೆ ನಡೆಯುತ್ತದೆ, ಕಥೆ ಕವಲೊಡೆಯುವಲ್ಲಿ ಗಂಟೆಯ ಧ್ವನಿ ಕೇಳಿ ಆಟಗಾರ ದಾರಿಯನ್ನು ಆರಿಸಬೇಕು. ಅದು ಭಯದ ಕಥೆಯಲ್ಲ, ಪ್ರೇಮದ ಕಥೆ. ಆಟವನ್ನು ಸ್ಯಾಟರ್ನ್ ಯಂತ್ರಕ್ಕೇ ಮೀಸಲಿಡಬೇಕಾದರೆ ಸೆಗಾ ಸಂಸ್ಥೆ 1000 ಯಂತ್ರಗಳನ್ನು ದೃಷ್ಟಿಹೀನರಿಗೆ ದಾನವಾಗಿ ಕೊಡಬೇಕು, ಅವುಗಳೊಡನೆ 1000 ಪ್ರತಿಗಳನ್ನು ತಾನು ಕೊಡುವೆನು ಎಂಬುದು ಈನೋ ಹಾಕಿದ ಕರಾರು. ಕರಾರು ನೆರವೇರಿತು. ಆಟದ ಸೂಚನೆಗಳನ್ನು ಬ್ರೈಲ್ ಲಿಪಿಯಲ್ಲಿಯೂ ಒದಗಿಸಿದ್ದರು. ಈನೋ 2013ರ ಫೆಬ್ರವರಿಯಲ್ಲಿ, 42ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಕಿವಿಯಿಂದ ಆಡುವ ಆಟ ಕನ್ನಡ ನಾಡಿಗೆ ಅಪರಿಚಿತವಲ್ಲ. 2012ರ ಡಿಸೆಂಬರಿನಲ್ಲಿ ದೃಷ್ಟಿಹೀನರ ಮೊದಲನೆಯ ಟಿ-20 ವಿಶ್ವಕಪ್ ಕ್ರಿಕೆಟ್ ನಡೆದುದು ಬೆಂಗಳೂರಿನಲ್ಲಿ. ಭಾರತ ತಂಡ ಕೊನೆಯ ಪಂದ್ಯದಲ್ಲಿ ಪಾಕಿಸ್ತಾನವನ್ನು ಸೋಲಿಸಿ ಗೆದ್ದಿತು. ನಾಯಕರಾಗಿದ್ದವರು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. ಅವರಿಗೆ 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಆ ಆಟದ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಉಕ್ಕಿನ ಗುಂಡುಗಳಿದ್ದು ಉರುಳುವಾಗ ಗಲಗಲ ಸದ್ದು ಮಾಡುತ್ತವೆ. ಚೆಂಡನ್ನು ಕೈ ಕೆಳಗಿನಿಂದ ಎಸೆಯಬೇಕು. ಪಿಚ್ಚಿನ ನಡುವನ್ನು ದಾಟುವ ಮೊದಲೇ ಅದು ನೆಲವನ್ನು ತಾಗಬೇಕು. ಎಸೆಯುವವನು ಮುಂಚಿತವಾಗಿ ಕೂಗಿ ಎಚ್ಚರಿಸಬೇಕು. ಹನ್ನೊಂದು ಮಂದಿಯಲ್ಲಿ ನಾಲ್ವರಾದರೂ ಪೂರ್ಣ ಕುರುಡರಿರಬೇಕೆಂಬುದು ನಿಯಮ.

ಬ್ಯಾಟು ಹಿಡಿದವನು ಮಾಡುವ ಲೆಕ್ಕವೂ ಲಾರಾಳ ಬಂದೂಕದ ಲೆಕ್ಕವೂ ಮೂಲತಃ ಒಂದೇ: ಸದ್ದು ಎತ್ತಲಿದೆ, ಎಷ್ಟು ಬೇಗ ಬರುತ್ತಿದೆ, ಕೈಯನ್ನು ಯಾವಾಗ ಆಡಿಸಬೇಕು. ಒಂದು ವ್ಯತ್ಯಾಸ ಮಾತ್ರ ಇದೆ. ಎನಿಮಿ ಝೀರೋದ ಶತ್ರು ಹತ್ತಿರವಿರುವಷ್ಟು ಹೊತ್ತೂ ಕಿವಿಯ ಸಾಧನ ಬಡಿಯುತ್ತಲೇ ಇರುತ್ತದೆ. ಕ್ರಿಕೆಟ್ಟಿನ ಚೆಂಡು ಉರುಳುವುದು ನಿಂತೊಡನೆ ಮೌನವಾಗುತ್ತದೆ. ಬೌಂಡರಿಯತ್ತ ಓಡುತ್ತಿರುವ ಆಟಗಾರ ಅದು ಸದ್ದಡಗುವುದರೊಳಗಾಗಿ ಅದರ ದಿಕ್ಕನ್ನೂ ವೇಗವನ್ನೂ ಕಿವಿಯಲ್ಲಿ ಹಿಡಿದಿಟ್ಟುಕೊಂಡು, ಮಿಕ್ಕ ದಾರಿಯನ್ನು ನೆನಪಿನಿಂದಲೇ ಓಡಿ ಹೋಗಿ ಹುಲ್ಲಿನ ಮೇಲೆ ಕೈಯಾಡಿಸಬೇಕು.